ಗಾಡ್‌ಬೋಲ್ಡ್ಸ್ ಮನೆಯ ಒಳಮುಖ

ನವೆಂಬರ್ ತಿಂಗಳ ಒಂದು ಬೆಳಗ್ಗೆ, ಏಳು ಗಂಟೆ. ಸಫೋಕ್ ಸೀಮೆಯ ಸ್ಟಾನ್‌ಮಿಯರ್ ಹಳ್ಳಿಯ ಮೇಲೆ ಮಂಜು ಇನ್ನೂ ಕವಿದೇ ಇದೆ. ಗಾಡ್‌ಬೋಲ್ಡ್ಸ್ ಎಂಬ ಹಳೆಯ ಮರದ ಮನೆಯ ನಡುಮನೆಯಲ್ಲಿ ಅರವತ್ತಮೂರು ವರ್ಷದ ಹೆಂಗಸೊಬ್ಬರು ನೆಲಕ್ಕೆ ಕೆನ್ನೆ ಹಚ್ಚಿ ಬೋರಲಾಗಿ ಮಲಗಿದ್ದಾರೆ. ಎಡಗೈಯಲ್ಲಿ ಟಾರ್ಚು. ಅದನ್ನು ಓಕ್ ಕಂಬದ ಬುಡಕ್ಕೆ ಅಡ್ಡಡ್ಡ ಹಿಡಿದು, ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ. ನಾಲ್ಕು ನಿಮಿಷವಾದರೂ ಅಲುಗಾಡಿಲ್ಲ. ಹಿಂದೊಮ್ಮೆ ಬೇರೊಂದು ಮನೆಯಲ್ಲಿ ಹೀಗೇ ಮಲಗಿದ್ದಾಗ ಅಂಚೆಯವನು ಕಿಟಕಿಯಿಂದ ನೋಡಿ ಆಂಬುಲೆನ್ಸ್ ಕರೆಸಿದ್ದನಂತೆ.

"ಬೆಳಕು ನೇರ ಬಿದ್ರೆ ಮರ ಬಾಯಿ ಬಿಡೋದಿಲ್ಲ" ಎನ್ನುತ್ತಾರೆ ಹೆಸ್ಟರ್ ಪ್ಯಾಲಂಟ್, ಮಲಗಿದಲ್ಲಿಂದಲೇ. "ಪಕ್ಕದಿಂದ ಬೀಳ್ಬೇಕು. ಆಗ ಉಳಿ ಏಟು, ಗೀರು, ಬಡಗಿ ಹಾಕಿದ ಲೆಕ್ಕದ ಗುರುತು, ಎಲ್ಲಾ ಒಂದೊಂದೇ ಎದ್ದು ಕೂರುತ್ತೆ."

ಅವರ ಬೆನ್ನ ಹಿಂದೆ, ಹೊಗೆಗೂಡಿನ ಪಕ್ಕದ ಹಲಗೆಗೋಡೆಗೆ ಒರಗಿಸಿದ ಗಾಲಿಕುರ್ಚಿಯಲ್ಲಿ ಮನೆಯೊಡತಿ ಬ್ರೈಡಿ ಥರ್ಲೋ ಕೂತಿದ್ದಾರೆ. ಮೊಣಕಾಲಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಸ್ವಾಧೀನವಿಲ್ಲದ ಬಲಗೈ. ಬ್ರೈಡಿ ಈ ಕುರ್ಚಿಯಲ್ಲೇ ಹದಿನಾಲ್ಕು ತಿಂಗಳಿಂದ ರಾತ್ರಿ ಕಳೆಯುತ್ತಿದ್ದಾರೆ. ಅದಕ್ಕೆ ಕಾರಣ ನೆಲದ ಮೇಲೆ ಮಲಗಿರುವ ಹೆಸ್ಟರ್ ಎಂಬುದು ಅಲ್ಲಿದ್ದ ಇಬ್ಬರಿಗೂ ಗೊತ್ತು.

ಹೆಸ್ಟರ್ ಮಾಡುವ ಕೆಲಸಕ್ಕೆ ಹಳ್ಳಿಯಲ್ಲಿ ಒಂದು ಹೆಸರಿಲ್ಲ. ಹಳೆಯ ಮರದ ಚೌಕಟ್ಟಿನ ಮನೆಗಳನ್ನು ಓದುತ್ತಾರೆ, ಓದಿದ್ದನ್ನು ಬರೆಯುತ್ತಾರೆ. ಕಂಬ, ತೊಲೆ, ಗೂಟ, ಗೂಟ ಕಿತ್ತ ತೂತು, ಯಾವುದನ್ನೂ ಬಿಡದೆ ಪೆನ್ಸಿಲಿನಲ್ಲಿ ಅಳತೆಗೆ ಸರಿಯಾಗಿ ಬಿಡಿಸುತ್ತಾರೆ. ಮೂವತ್ತೈದು ವರ್ಷದಲ್ಲಿ ಆರುನೂರ ಹನ್ನೆರಡು ಮನೆ. ದಿನಕ್ಕೆ ಒಂಬತ್ತು ಗಂಟೆ ದುಡಿದರೆ ಎರಡು ಗೋಡೆ ಮುಗಿಯುತ್ತದೆ, ಮೂರು ಪೆನ್ಸಿಲ್ ಸವೆಯುತ್ತದೆ. ಊಟಕ್ಕೆ ಜೇಬಿನಲ್ಲಿ ಎರಡು ಬೆಂದ ಮೊಟ್ಟೆ, ಫ್ಲಾಸ್ಕಿನಲ್ಲಿ ಚಹಾ. ಯಾರಾದರೂ ಹಳೆಯ ಮನೆಯೊಂದರ ಗೋಡೆ ಮುಟ್ಟಬೇಕೆಂದರೆ ಕಟ್ಟಡ ಕಚೇರಿಯವರು ಮೊದಲು ತೆಗೆಯುವುದು ಇವರ ಹಾಳೆಯನ್ನೇ. ಹಾಳೆಯ ಮೂಲೆಯಲ್ಲಿ ಎರಡೇ ಅಕ್ಷರದ ಸಹಿ ಇರುತ್ತದೆ. ಪಬ್ಬಿನಲ್ಲಿ ಗಂಡಸರು ತಮ್ಮ ಮನೆ ಎಷ್ಟು ಹಳೆಯದು ಎಂದು ಇವರ ಇಸವಿಗಳನ್ನೇ ಹಿಡಿದು ಜಗಳಕ್ಕೆ ನಿಲ್ಲುವಾಗ, ಪಕ್ಕದ ಮೇಜಿನಲ್ಲಿ ಪೈ ತಿನ್ನುತ್ತಾ ಕೂತ ಹೆಂಗಸನ್ನು ಯಾರೂ ತಿರುಗಿ ನೋಡುವುದಿಲ್ಲ.

ತಂದೆ ಶವಪೆಟ್ಟಿಗೆ ಮಾಡುತ್ತಿದ್ದ ಬಡಗಿ. ಮರದ ಹೊಟ್ಟು ಗುಡಿಸುತ್ತಲೇ ಹೆಸ್ಟರ್ ಮರದ ಜಾತಿ ಕಲಿತರು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಆಂಬ್ರೋಸ್ ಲೀಚ್ ಎಂಬ ಹಳೆಯ ಸರ್ವೆಯವರ ಕೈಕೆಳಗೆ ಸೇರಿದರು. ಲೀಚ್ ಕಟ್ಟುನಿಟ್ಟಿನ ಮನುಷ್ಯ, ಬಾಯಿ ಬಿಟ್ಟರೆ ಒಂದೇ ಮಾತು: ಮರಕ್ಕೆ ನಾಲ್ಕು ಮುಖ, ನಾಲ್ಕನ್ನೂ ನೋಡಿ ಬರಿ. ಅವರು ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಹಳೆಯ ಮನೆಗಳನ್ನೇ ಓದುವ ಹೆಸ್ಟರ್ ತಾವು ಮಾತ್ರ ಬಸ್ ನಿಲ್ದಾಣದ ಪಕ್ಕದ ಇಟ್ಟಿಗೆ ಮನೆಯಲ್ಲಿ ಒಬ್ಬರೇ ಇರುತ್ತಾರೆ. "ಹಳೇ ಮನೇಲಿ ನಂಗೆ ನಿದ್ದೆ ಬರಲ್ಲಪ್ಪ. ರಾತ್ರಿಯೆಲ್ಲಾ ಯಾವ ತೊಲೆ ಎಲ್ಲಿಂದ ಬಂತು ಅಂತ ಲೆಕ್ಕ ಹಾಕ್ತಾ ಇರ್ತೀನಿ" ಎಂದು ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಗಾಡ್‌ಬೋಲ್ಡ್ಸ್ ಮನೆಯ ಕತೆಯನ್ನು ಅವರ ಬಾಯಲ್ಲಿ ಕೇಳಬೇಕು. ಐದೂವರೆ ಶತಮಾನದ ಹಿಂದೆ ಇದು ಒಂದೇ ಒಂದು ಎತ್ತರದ ಪಡಸಾಲೆ. ಹಸಿ ಓಕ್ ಮರವನ್ನೇ ಕಡಿದು, ಕೊರೆದು, ಗೂಟ ಬಡಿದು ನಿಲ್ಲಿಸಿದ ಚೌಕಟ್ಟು. ನಡುವೆ ಹೇಸಲ್ ಎಂಬ ಪೊದೆಮರದ ಕಡ್ಡಿಗಳ ತಟ್ಟಿ, ಅದರ ಮೇಲೆ ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದ ಗೋಡೆ. ಹೊಗೆಗೂಡೇ ಇರಲಿಲ್ಲ. ನೆಲದ ನಡುವೆ ಬೆಂಕಿ ಉರಿಯುತ್ತಿತ್ತು, ಹೊಗೆ ಹುಲ್ಲಿನ ಮಾಡಿನಲ್ಲಿ ದಾರಿ ಹುಡುಕಿಕೊಂಡು ಹೋಗುತ್ತಿತ್ತು. ಇವತ್ತಿಗೂ ಅಟ್ಟ ಹತ್ತಿ ಜಂತೆಗೆ ಬೆರಳು ಒರೆಸಿದರೆ ಆ ಕಾಲದ ಮಸಿ ಬೆರಳಿಗೆ ಹತ್ತುತ್ತದೆ. ನೂರು ವರ್ಷ ಕಳೆದ ಮೇಲೆ ಯಾರೋ ಮಧ್ಯದಲ್ಲಿ ಇಟ್ಟಿಗೆಯ ಹೊಗೆಗೂಡು ಎಬ್ಬಿಸಿದರು, ಮೇಲಂತಸ್ತು ಹಾಕಿದರು. ಹೊಗೆಗೂಡಿಗೂ ಹಿಂಗೋಡೆಗೂ ನಡುವೆ ಸಂದೊಂದು ಉಳಿಯಿತು. ಏಳು ಅಡಿ ಉದ್ದ, ಐದು ಅಡಿ ಅಗಲ. ಅದಕ್ಕೆ ಓಕ್ ಹಲಗೆಯ ಗೋಡೆ ಹಾಕಿ, ಒಂದು ಗಿಡ್ಡ ಬಾಗಿಲು ಇಟ್ಟರು.

1991ರಲ್ಲಿ ಹೆಸ್ಟರ್ ಈ ಮನೆಯನ್ನು ಬರೆದಾಗ ಆ ಬಾಗಿಲಿಗೆ ಅಡ್ಡಲಾಗಿ ದೊಡ್ಡ ಕಪಾಟು ನಿಂತಿತ್ತು. ಆಗಿನ ಮನೆಯವರು ಅದನ್ನು ಒಂದಡಿ ಸರಿಸಿಕೊಟ್ಟರು. ಬಾಗಿಲಿಗೆ ಮೊಳೆ ಬಡಿದಿತ್ತು. ಹೊರಮುಖದಲ್ಲಿ ಕತ್ತರಿಯ ತುದಿಯಲ್ಲಿ ಗೀಚಿದ ಆರೆಸಳಿನ ಹೂವು ಮೂರು. ಕೆಟ್ಟದ್ದು ಒಳಗೆ ಬಾರದಿರಲಿ ಎಂದು ಜನ ಹಿಂದೆ ಒಲೆ, ಬಾಗಿಲು, ಕಿಟಕಿಗಳ ಮೇಲೆ ಗೀಚುತ್ತಿದ್ದ ಕಾಪಿನ ಗುರುತು ಅದು. ಹಾಲು, ಚೀಸು ಕೆಡದಿರಲಿ ಎಂದು ಉಗ್ರಾಣಗಳಿಗೂ ಹಾಕುತ್ತಿದ್ದರು. ಸಂಜೆಯಾಗುತ್ತಿತ್ತು, ಮಳೆ ಬರುವ ಹಾಗಿತ್ತು. ಹೆಸ್ಟರ್ ಹಾಳೆಯಲ್ಲಿ ಬರೆದರು: ಮೂಲ ಉಗ್ರಾಣ. ಹಾಗೇ ಉಳಿಸತಕ್ಕದ್ದು. ಒಳಮುಖ, ಹೊರಮುಖದಂತೆ.

"ಒಳಮುಖ ನಾನು ನೋಡೇ ಇರಲಿಲ್ಲ" ಎನ್ನುತ್ತಾರೆ ಹೆಸ್ಟರ್. "ನಮ್ಮ ಕಸುಬಿನವರು ಎಲ್ರೂ ಒಂದಲ್ಲ ಒಂದು ಸಲ ಮಾಡೋ ಕಳ್ಳತನ ಅದು. ಒಂದು ಕಡೆ ನೋಡಿ, ಇನ್ನೊಂದು ಕಡೇನೂ ಹಂಗೇ ಇರುತ್ತೆ ಅಂತ ಬರೆದುಬಿಡೋದು. ಯಾರು ಕೇಳ್ತಾರೆ?"

ಕೇಳುವವರು ಮೂವತ್ತು ವರ್ಷದ ಮೇಲೆ ಬಂದರು. ಬ್ರೈಡಿಗೆ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಯಿತು. ಈ ಮನೆಯ ಮೆಟ್ಟಿಲು ಏಣಿಯಷ್ಟು ಕಡಿದು, ಮಲಗುವ ಕೋಣೆಗಳೆಲ್ಲಾ ಮೇಲೆ. ಗಂಡ ಡೆನ್ಜಿಲ್ ಬೀಟ್‌ಗಡ್ಡೆ ಲಾರಿ ಓಡಿಸುವವರು. ಆ ಸಂದನ್ನು ತೆರೆದು ಮಂಚ ಹಾಕಿ, ಹಿಂದಿನ ಪಾತ್ರೆ ತೊಳೆಯುವ ಕೋಣೆಗೆ ದಾರಿ ಮಾಡಿದರೆ ಸ್ನಾನಕ್ಕೂ ಅನುಕೂಲ ಎಂದು ಅರ್ಜಿ ಹಾಕಿದರು. ಕಚೇರಿಯಿಂದ ಹೆಸ್ಟರ್ ಬರೆದ ಸಾಲಿನ ನಕಲು ಸಮೇತ 'ಇಲ್ಲ' ಎಂದು ಉತ್ತರ ಬಂತು. ಮೂಲ ಉಗ್ರಾಣವನ್ನು ಮುಟ್ಟುವಂತಿಲ್ಲ. ಡೆನ್ಜಿಲ್ ಮೇಲ್ಮನವಿ ಹಾಕಿದಾಗ, ಮತ್ತೆ ನೋಡಿ ಬರೆಯಿರಿ ಎಂದು ಕಚೇರಿಯವರು ಕಳಿಸಿದ್ದು ಮತ್ತೆ ಹೆಸ್ಟರನ್ನೇ.

ಆ ನವೆಂಬರ್ ಬೆಳಗ್ಗೆ ಡೆನ್ಜಿಲ್ ಕೆಲಸಕ್ಕೆ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಸ್ವಾಗತಿಸಿದ ರೀತಿ ಹೀಗಿತ್ತು: "ಓಹೋ, ಉಗ್ರಾಣದಮ್ಮನೋರು ದಯಮಾಡಿಸಿದ್ರು. ಬನ್ನಿ ಬನ್ನಿ. ನಮ್ಮ ಚೀಸು ಚೆನ್ನಾಗಿದೆ. ನಮ್ಮನೆಯವಳು ಮಾತ್ರ ಕುರ್ಚೀಲಿ ಕೊಳೀತಿದಾಳೆ."

"ಡೆನ್ಜಿಲ್, ಬಾಯಿ ಮುಚ್ಚಿ ಲಾರಿ ಹತ್ತು" ಎಂದರು ಬ್ರೈಡಿ. ಮಾತು ಸ್ವಲ್ಪ ತೊದಲುತ್ತದೆ, ಹರಿತ ಕಡಿಮೆಯಾಗಿಲ್ಲ. ಗಂಡ ಹೋದ ಮೇಲೆ ಹೆಸ್ಟರ್ ಕಡೆ ತಿರುಗಿ, "ಬೈದ ಅಂತ ಬೇಜಾರು ಮಾಡ್ಕೋಬೇಡ. ನಾನೂ ತಿಂಗಳುಗಟ್ಟಲೆ ನಿನ್ನ ಬೈದಿದೀನಿ, ಮನಸ್ಸಿನಲ್ಲಿ" ಎಂದರು. ಆಮೇಲೆ ದನಿ ತಗ್ಗಿಸಿ, "ಇದರೊಳಗಿಂದ ಸದ್ದು ಬರುತ್ತೆ. ಬೆಳಗಿನ ಜಾವಕ್ಕೆ. ಇವನು ಕೇಳಿದ್ರೆ ಹುಳ ಅಂತಾನೆ" ಎಂದರು.

ಹಳೆಯ ಓಕ್ ಮರದಲ್ಲಿ ಹುಳವೊಂದು ಇರುವುದು ನಿಜ. ಅದು ತಲೆಯಿಂದ ಮರವನ್ನು ಟಕಟಕ ಕುಟ್ಟುತ್ತದೆ. ಹೆಸ್ಟರ್ ಹಲಗೆಯ ಉದ್ದಕ್ಕೂ ಟಾರ್ಚು ಹಿಡಿದು ನೋಡಿದರು. ಹುಳ ಹೊರಬಿದ್ದ ಒಂದು ತೂತೂ ಇಲ್ಲ.

"ಎಂಥ ಸದ್ದು?"

"ಗೀಚೋದು. ಒಂದು ಗೀರು, ಆಮೇಲೆ ಸುಮ್ನೆ. ಸುಸ್ತಾದೋರು ಕೆಲಸ ಮಾಡೋ ಹಂಗೆ."

"ಆ ಹುಳ ಕುಟ್ಟುತ್ತೆ, ಗೀಚಲ್ಲ" ಎಂದಷ್ಟೇ ಹೇಳಿ ಹೆಸ್ಟರ್ ಸುತ್ತಿಗೆ ತೆಗೆದರು. ದೆವ್ವ ಗಿವ್ವ ತನ್ನ ಇಲಾಖೆಗೆ ಸೇರಿದ್ದಲ್ಲ ಎಂಬುದು ಅವರ ಎಂದಿನ ಮಾತು. ಅವತ್ತು ಮಾತ್ರ ಅದನ್ನು ಹೇಳಲಿಲ್ಲ.

ಕಪಾಟು ಹಿಂದಿನ ಮನೆಯವರ ಜೊತೆಗೇ ಹೋಗಿತ್ತು. ಮೊಳೆಗಳು ಹದಿನಾಲ್ಕಿದ್ದವು. ಒಂದೊಂದೇ ಕಿತ್ತು ಬಾಗಿಲು ಎಳೆದಾಗ ಕೊಳೆತ ವಾಸನೆಯಾಗಲಿ ಇಲಿಯ ವಾಸನೆಯಾಗಲಿ ಬರಲಿಲ್ಲ. ಬಹಳ ದಿನ ಮನುಷ್ಯರು ಮಲಗಿದ್ದ ಕೋಣೆಯ ವಾಸನೆ ಬಂತು. ಹೆಸ್ಟರ್ ಟಾರ್ಚು ಹಿಡಿದು ಒಳಗೆ ಬಗ್ಗಿದರು. ಹಾಲಿನ ತಟ್ಟೆ ಇಡುವ ಹಲಗೆಯಿಲ್ಲ, ಕೊಕ್ಕೆಯಿಲ್ಲ, ಕೊಕ್ಕೆ ಕಿತ್ತ ತೂತೂ ಇಲ್ಲ. ಗೋಡೆಯ ಉದ್ದಕ್ಕೆ, ನೆಲದಿಂದ ಒಂದಡಿ ಮೇಲೆ, ಮಂಚದ ಹಲಗೆ ಕೂರಿಸುವ ಗೂಟದ ತೂತು ಆರು. ಹಿಂಗೋಡೆಯಲ್ಲಿ ಅಂಗೈ ಅಗಲದ ಕಿಟಕಿ, ಮಣ್ಣು ಮೆತ್ತಿ ಮುಚ್ಚಿದ್ದು. ಹೊಗೆಗೂಡಿನ ಬೆಚ್ಚಗಿನ ಬದಿಯಲ್ಲಿ, ಕೂತವರ ಬೆನ್ನು ತಾಗುವ ಎತ್ತರದಲ್ಲಿ, ಇಟ್ಟಿಗೆಗಳು ಜಿಡ್ಡು ಹಿಡಿದು ಕಪ್ಪಾಗಿ ನುಣುಪಾಗಿದ್ದವು. ಅದರೆದುರು ನೆಲದ ಹಲಗೆಯಲ್ಲಿ ಒಂದು ಕುಳಿ. ಎರಡಲ್ಲ, ಒಂದೇ. ಒಂದು ಹಿಮ್ಮಡಿ ವರ್ಷಗಟ್ಟಲೆ ಊರಿ ಊರಿ ಸವೆಸಿದ ಕುಳಿ.

ಬಾಗಿಲ ಹೊರಮುಖದಲ್ಲಿ, ಮೂರು ಹೂವುಗಳ ಕೆಳಗೆ, ಚಿಲಕವಿದ್ದ ಗುರುತು ಈಗ ಟಾರ್ಚಿನ ಬೆಳಕಿಗೆ ಕಂಡಿತು. ಒಳಗೆ ಚಿಲಕದ ಗುರುತಿರಲಿಲ್ಲ. ಒಳಮುಖದಲ್ಲಿ ಹೂವುಗಳಿದ್ದವು. ಹೆಸ್ಟರ್ ಎಣಿಸಿದರು, ಫೋಟೋ ತೆಗೆದರು, ಮರುದಿನ ಬಂದು ಮತ್ತೆ ಎಣಿಸಿದರು. ಹನ್ನೊಂದು.

"ಹೊರಗೆ ಗೀಚಿದ್ದು ಮನೆಯೋರು, ಒಳಗಿನದು ಹೊರಗೆ ಬರದೇ ಇರ್ಲಿ ಅಂತ" ಎಂದು ಮೂರನೆಯ ದಿನ ಅವರು ಬ್ರೈಡಿಗೆ ವಿವರಿಸಿದರು. "ಒಳಗೆ ಗೀಚಿದ್ದು ಯಾಕೆ ಅಂತ ತಿಳೀತಿಲ್ಲ. ಕೂಡಿ ಹಾಕೋಕೆ ಮುಂಚೆ ಇನ್ನೊಂದಷ್ಟು ಭದ್ರ ಮಾಡಿರ್ಬೇಕು."

"ನನ್ನ ಒಳಗೆ ತಳ್ಳು" ಎಂದರು ಬ್ರೈಡಿ.

"ಗಾಲಿ ಹಿಡಿಯಲ್ಲ ಕಣೇ."

"ಹಿಡಿಯುತ್ತೆ. ನಾನು ಹದಿನಾಲ್ಕು ತಿಂಗಳಿಂದ ಅಳೀತಾನೇ ಇದೀನಿ, ನೀನೊಬ್ಳೇನಾ ಅಳೆಯೋಳು?"

ಹಿಡಿಯಿತು, ಎರಡೂ ಬದಿಗೆ ಒಂದು ಬೆರಳಿನಷ್ಟು ಜಾಗ ಬಿಟ್ಟು. ಬ್ರೈಡಿ ಬಾಗಿಲನ್ನು ಎಳೆದುಕೊಂಡು ಒಳಮುಖವನ್ನು ಬಹಳ ಹೊತ್ತು ನೋಡಿದರು. ಹೆಸ್ಟರ್ ಮೂರು ದಿನವೂ ನಿಂತು, ಇಲ್ಲವೇ ಬಗ್ಗಿ ಅದನ್ನು ಬರೆದಿದ್ದರು. ಕುರ್ಚಿಯಲ್ಲಿ ಕೂತ ಬ್ರೈಡಿಗೆ ಹೂವುಗಳೆಲ್ಲಾ ಕಣ್ಣಿನ ಮಟ್ಟಕ್ಕೇ ಇದ್ದವು. ಎಡಗೈ ಚಾಚಿದರು. ಬೆರಳು ನೇರ ಹೋಗಿ ಗೀರಿನ ಮೇಲೆ ಕೂತಿತು.

"ಇದು ಮನೆಯೋರು ಗೀಚಿದ್ದಲ್ಲ ಹೆಸ್ಟರ್. ಕೂತವಳು ಗೀಚಿದ್ದು. ಒಳಗಿದ್ದವಳೇ. ಅವರು ಬರದೇ ಇರ್ಲಿ ಅಂತ."

ಬ್ರೈಡಿಯ ಬೆರಳು ಸರಿಯುತ್ತಿತ್ತು. "ಬಲಗಡೆ ಇರೋ ಈ ಮೂರು ನೋಡು, ದುಂಡಗೆ, ಚಂದಕ್ಕೆ. ಕತ್ತರಿ ಊರಿ ತಿರುಗಿಸಿದಾಳೆ. ಬಲಗೈ. ಉಳಿದ ಎಂಟೂ ಎಡಗಡೆ, ಕೆಳಗೆ, ಸೊಟ್ಟ ಸೊಟ್ಟ. ಮೊಳೇಲಿ ಗೀಚಿರೋದು. ಒಂದಕ್ಕೂ ಎಸಳು ಕೂಡಿಲ್ಲ." ಎಡಗೈಯಿಂದಲೇ ಕಂಬಳಿಯ ಕೆಳಗಿನಿಂದ ಒಂದು ಕಾಗದ ಎಳೆದರು. ಕಚೇರಿಗೆ ಹಾಕಿದ ಅರ್ಜಿಯ ನಕಲು. ಕೆಳಗೆ ಅವರ ಸಹಿ. "ಕೈ ಹೋದ ಮೇಲೆ ಎಡಗೈಲಿ ಕಲಿತಿದ್ದು. ನೋಡು ಹೆಂಗೆ ಓಲಾಡುತ್ತೆ. ಅವಳಿಗೂ ಬಡೀತು ಕಣೇ, ನಂಗೆ ಬಡಿದ ಹಂಗೇ. ಮೊದಲು ಕಾಲು ಹೋದಾಗ್ಲೇ ಏನೋ ಮೆಟ್ಟಿಕೊಂಡಿದೆ ಅಂತ ಇಲ್ಲಿ ಕೂರಿಸಿ ಚಿಲಕ ಹಾಕಿದ್ರು, ಕೈ ಹೋಗಿದ್ದು ಆಮೇಲೆ."

ಹೆಸ್ಟರ್ ಮೊಣಕಾಲೂರಿ ಟಾರ್ಚು ಹಿಡಿದರು. ಗೀರಿನ ತುದಿಯಲ್ಲಿ ಮರದ ನಾರು ಏಳುವ ದಿಕ್ಕು ನೋಡಿದರೆ ಕೈ ಯಾವ ಕಡೆಗೆ ಓಡಿತೆಂದು ತಿಳಿಯುತ್ತದೆ. ಆ ಮೂರರಲ್ಲಿ ಒಂದು ದಿಕ್ಕು. ಎಂಟರಲ್ಲಿ ಅದಕ್ಕೆ ವಿರುದ್ಧ ದಿಕ್ಕು. ಒಂದೇ ದಿನದ ಕೆಲಸವೂ ಅಲ್ಲ, ಕೆಲವು ಗೀರು ಕೈ ಸವರಿ ಸವರಿ ಮಾಸಿವೆ, ಕೆಲವು ಇನ್ನೂ ಚೂಪಾಗಿವೆ. ಉಗ್ರಾಣ ಎಂದು ತಾನು ಬರೆದ ಜಾಗದಲ್ಲಿ ಒಂದು ಜೀವ ವರ್ಷಗಟ್ಟಲೆ ಕೂತಿತ್ತು. ಅದನ್ನು ಹೇಳುವಾಗ ಹೆಸ್ಟರ್ ಈಗಲೂ ಮುಖ ಬೇರೆ ಕಡೆ ತಿರುಗಿಸುತ್ತಾರೆ.

ತೊಂದರೆ ಶುರುವಾದದ್ದು ಅಲ್ಲಿಂದ. ಇಂಥದ್ದೊಂದು ಬಾಗಿಲು ಆ ಸೀಮೆಯಲ್ಲೇ ಇನ್ನೊಂದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಕಚೇರಿಯವರು ಅಲ್ಲಿ ಉಸಿರಾಡುವುದಕ್ಕೂ ಬಿಡುವುದಿಲ್ಲ. ಬರೆಯದಿದ್ದರೆ ಉಗ್ರಾಣವೂ ಅಲ್ಲ, ಏನೂ ಅಲ್ಲ, ಬರೀ ಹಲಗೆ ಎಂದು ಹೇಳಿ ಬ್ರೈಡಿಗೆ ಮಂಚ ಹಾಕಿಸಬಹುದು. ಡೆನ್ಜಿಲ್ ಬಿಡಿಸಿಯೇ ಹೇಳಿದರು: "ನೋಡಿ ಅಮ್ಮ, ಒಂದು ಸಲ ನೋಡ್ದೇ ಬರೆದ್ರಿ. ಈ ಸಲ ನೋಡಿ ಬರೀದೇ ಇರಿ. ಸತ್ತು ನಾನೂರು ವರ್ಷ ಆದವಳು ನಿಮ್ಮ ಮೇಲೆ ದೂರು ಕೊಡ್ತಾಳಾ?"

ಹೆಸ್ಟರ್ ಹನ್ನೆರಡು ದಿನ ಒಂದಕ್ಷರ ಬರೆಯಲಿಲ್ಲ. ಇಟ್ಟಿಗೆ ಮನೆಯಲ್ಲೂ ನಿದ್ದೆ ಹತ್ತಲಿಲ್ಲವಂತೆ. "ಒಬ್ಬಳು ಕೂತಿದ್ಲು, ಅವಳನ್ನ ಒಂದು ಸಲ ಅಳಿಸಿಹಾಕಿದೆ. ಇನ್ನೊಬ್ಬಳು ಕೂತಿದಾಳೆ, ಅವಳು ಮಲಗಬೇಕು ಅಂದ್ರೆ ಮೊದಲನೇವಳನ್ನ ಇನ್ನೊಂದು ಸಲ ಅಳಿಸ್ಬೇಕು. ಯಾರನ್ನ ಅಂತ ಬಿಡ್ಲಿ?"

ಹದಿಮೂರನೆಯ ದಿನ ಬೆಳಗ್ಗೆ ಬರೆಯಲು ಕೂತರು, ಮಧ್ಯಾಹ್ನಕ್ಕೆ ಮುಗಿಸಿದರು. ಮೊದಲ ಸಾಲಿನಲ್ಲಿ ತಮ್ಮ ತಪ್ಪು. 1991ರಲ್ಲಿ ನಾನು ಒಳಮುಖ ನೋಡಿರಲಿಲ್ಲ, ನೋಡಿದೆನೆಂದು ಬರೆದೆ. ಆಮೇಲೆ ಮಂಚದ ಗೂಟ, ಕಿಟಕಿ, ಇಟ್ಟಿಗೆ, ಹಿಮ್ಮಡಿ, ಚಿಲಕ, ಹೂವುಗಳು, ಯಾವುದನ್ನೂ ಬಿಡದೆ. ಕೊನೆಗೆ: ಇದು ನಡೆಯಲಾರದ ಒಬ್ಬ ಹೆಂಗಸಿಗಾಗಿ ಮಾಡಿದ ಮಲಗುವ ಜಾಗ. ಹಳೆಯ ಮನೆಯಲ್ಲಿ ಹಲಗೆಯನ್ನು ಉಳಿಸುವ ಹಾಗೆ ಅದರ ಬಳಕೆಯನ್ನೂ ಉಳಿಸಬೇಕು. ಹಲಗೆಗೋಡೆ, ಬಾಗಿಲು ಇದ್ದಂತೆಯೇ ಇರಲಿ. ಕಿಟಕಿ ತೆರೆಯಲಿ. ಎಷ್ಟೋ ಕಾಲದ ಮೇಲೆ ಹಿಂದಿನ ಕೋಣೆಗೆ ಒಡೆದ ದಾರಿಯನ್ನು 1950ರ ಆಸುಪಾಸಿನಲ್ಲಿ ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ, ಆ ಇಟ್ಟಿಗೆಗೆ ಬೆಲೆಯಿಲ್ಲ, ತೆಗೆಯಲಿ. ಶ್ರೀಮತಿ ಥರ್ಲೋ ಅಲ್ಲಿ ಮಲಗಲಿ.

ಕಚೇರಿ ಒಂಬತ್ತು ವಾರ ತೆಗೆದುಕೊಂಡಿತು. ನಡುವೆ ಮೂವರು ದೊಡ್ಡವರು ಬಂದು ನೋಡಿ ಹೋದರು. ತಪ್ಪು ಒಪ್ಪಿಕೊಂಡ ಸಾಲಿನಿಂದಾಗಿ ಹೆಸ್ಟರ್ ಬರೆದ ಉಳಿದ ಆರುನೂರು ಮನೆಗಳನ್ನೂ ಅನುಮಾನದಿಂದ ನೋಡಬೇಕಾಗುತ್ತದೆ ಎಂದು ಒಬ್ಬರು ಅವರ ಮುಖಕ್ಕೇ ಹೇಳಿದರು. "ನೋಡ್ಲಿ. ಎಲ್ಲೆಲ್ಲಿ ಕಣ್ಣು ಮುಚ್ಚಿದ್ನೋ ನಂಗೂ ಗೊತ್ತಿಲ್ಲ" ಎಂದು ಹೆಸ್ಟರ್ ಉತ್ತರ ಕೊಟ್ಟರಂತೆ. ಫೆಬ್ರವರಿ ಕೊನೆಗೆ ಒಪ್ಪಿಗೆ ಬಂತು. ಬ್ರೈಡಿ ಕೇಳಿದ್ದು ಒಂದೇ: ಚಿಲಕ ಬೇಕು, ಒಳಗಡೆ, ಎಡಗೈಗೆ ಎಟುಕುವ ಹಾಗೆ. ಬಾಗಿಲಿಗೆ ಹೊಸ ತೂತು ಕೊರೆಯದೆ ಚೌಕಟ್ಟಿನ ಸಂದಿಗೆ ಕೂರುವಂಥ ಮರದ ಚಿಲಕವನ್ನು ಹೆಸ್ಟರ್ ತಾವೇ ಕೆತ್ತಿಕೊಟ್ಟರು.

ಏಪ್ರಿಲ್‌ನಲ್ಲಿ, ಕೆಲಸ ಮುಗಿದ ಮೇಲಿನ ನಕ್ಷೆ ಬರೆಯಲು ಅವರು ಕೊನೆಯ ಸಲ ಗಾಡ್‌ಬೋಲ್ಡ್ಸ್‌ಗೆ ಹೋಗುತ್ತಾರೆ. ಡೆನ್ಜಿಲ್ ಮೂರು ದಿನದ ಬಾಡಿಗೆಗೆ ಉತ್ತರಕ್ಕೆ ಹೋಗಿದ್ದಾರೆ. ಚಿಕ್ಕ ಕಿಟಕಿಯಿಂದ ಬೆಳಕು ಮಂಚದ ಮೇಲೆ ಬಿದ್ದಿದೆ. ಬ್ರೈಡಿ ದಿಂಬಿಗೊರಗಿ ಟೋಸ್ಟ್ ತಿನ್ನುತ್ತಿದ್ದಾರೆ, ಕೆನ್ನೆ ತುಂಬಿಕೊಂಡಿದೆ. ಹೆಸ್ಟರ್ ಬಾಗಿಲನ್ನು ಮುಚ್ಚಿ ಒಳಮುಖದೆದುರು ಕೂರುತ್ತಾರೆ. ಈ ಸಲ ನೆಲದ ಮೇಲೆ, ಬೆನ್ನನ್ನು ಕರಿ ಇಟ್ಟಿಗೆಗೆ ಕೊಟ್ಟು.

ಎಣಿಸುತ್ತಾರೆ. ಮತ್ತೆ ಎಣಿಸುತ್ತಾರೆ.

"ಒಂದು ನಂದು" ಎನ್ನುತ್ತಾರೆ ಬ್ರೈಡಿ, ತಪ್ಪು ಮಾಡಿದ ಮುಖವನ್ನೇನೂ ಮಾಡದೆ. "ಹೋದ ವಾರ. ಫೋರ್ಕಿನಲ್ಲಿ. ಆ ಬೆಳ್ಳಗಿರೋದು. ಕಾನೂನು ಗೀನೂನು ಅಂದ್ಯೋ, ಚಿಲಕ ಹಾಕ್ಕೊಂಡು ನಿನ್ನ ಇಲ್ಲೇ ಇಟ್ಕೋತೀನಿ. ಅವಳ ಪಕ್ಕ ಒಂದು ಬರೀಬೇಕು ಅನ್ನಿಸ್ತು, ಬರೆದೆ."

ಒಂದು ಮೊಳೆ ಹೊಡೆದವರ ಮೇಲೂ ವರದಿ ಬರೆದ ಹೆಸ್ಟರ್ ಪೆನ್ಸಿಲು ಕೆಳಗಿಡುತ್ತಾರೆ. ಟಾರ್ಚು ಎತ್ತಿ ಮೂಲೆಯೊಂದಕ್ಕೆ ಹಿಡಿಯುತ್ತಾರೆ.

"ನೀನು ಗೀಚಿದ್ದು ಒಂದೇನಾ?"

"ಒಂದೇ. ಅದಕ್ಕೇ ಅರ್ಧ ದಿನ ಬೇಕಾಯ್ತು. ಯಾಕೆ?"

ಬ್ರೈಡಿಯ ಹೂವಿನ ಪಕ್ಕದಲ್ಲಿ ಇನ್ನೊಂದಿದೆ. ನವೆಂಬರ್ ತಿಂಗಳ ಫೋಟೋದಲ್ಲಿ ಅಲ್ಲಿ ಬರೀ ಹಲಗೆ. ಗೀರಿನೊಳಗಿನ ಬಣ್ಣ ಮಾತ್ರ ಹಳೆಯ ಹನ್ನೊಂದರಷ್ಟೇ ಕಪ್ಪು. ಹೆಸ್ಟರ್ ಮುಖ ಹತ್ತಿರ ತಂದು ನಾರು ಎದ್ದ ದಿಕ್ಕು ನೋಡುತ್ತಾರೆ, ಹೆಬ್ಬೆರಳಿನಿಂದ ಅದರ ಸುತ್ತಳತೆ ಸವರುತ್ತಾರೆ. ಆರು ಎಸಳೂ ಕೂಡಿವೆ. ಎಲ್ಲೂ ನಡುಗಿಲ್ಲ.

"ಬಲಗೈದು" ಎನ್ನುತ್ತಾರೆ ಮೆಲ್ಲಗೆ. "ಗಟ್ಟಿ ಕೈ."

ಬ್ರೈಡಿ ಟೋಸ್ಟನ್ನು ತಟ್ಟೆಗಿಡುತ್ತಾರೆ. ಆಮೇಲೆ ಬ್ರೈಡಿ ಅಳತೊಡಗುತ್ತಾರೆ. ಹೆದರಿಕೆಯಿಂದಲ್ಲ. ದೂರದೂರಿನ ಅಕ್ಕನಿಗೆ ಕಾಯಿಲೆ ವಾಸಿಯಾಯಿತೆಂದು ಸುದ್ದಿ ಬಂದರೆ ಅಳುವ ಹಾಗೆ.

ಹಾಳೆಯಲ್ಲಿ ಏನು ಬರೆದಿರಿ ಎಂದು ಕೇಳಿದರೆ ಹೆಸ್ಟರ್ ಅದನ್ನು ಬಿಚ್ಚಿ ತೋರಿಸುತ್ತಾರೆ. ಬಾಗಿಲಿನ ಒಳಮುಖ, ಒಂದೊಂದು ಗೀರೂ ಅಳತೆಗೆ ಸರಿಯಾಗಿ. ಕೆಳಗೆ ಚಿಕ್ಕ ಅಕ್ಷರದಲ್ಲಿ ಒಂದು ಸಾಲು: ಹೂವು ಹದಿಮೂರು, ನಾನೇ ಕೂತು ನೋಡಿದ್ದೇನೆ.

"ಕಚೇರಿಯೋರು ಫೋನ್ ಮಾಡಿದ್ರು, ನವೆಂಬರ್‌ನಲ್ಲಿ ಹನ್ನೊಂದು ಅಂದಿದ್ರಲ್ಲ, ಎಣಿಸೋದ್ರಲ್ಲಿ ತಪ್ಪಿದ್ರೆ ತಿದ್ದಿಕೊಡಿ ಅಂತ" ಎನ್ನುತ್ತಾರೆ ಅವರು, ಹಾಳೆಯನ್ನು ಸುತ್ತುತ್ತಾ. "ಆಗ ಹನ್ನೊಂದೇ ಇತ್ತು, ಈಗ ಹದಿಮೂರಿದೆ, ಎರಡೂ ಸರಿ ಅಂದೆ. ತಿದ್ದಲ್ಲ."